ಅವನ ಹೆಸರಿನ ತೋಟ

ನಾನು ತಿಪಟೂರಿನ ಅಂಗಡಿಯವರ ಮಗಳು. ತುರುವೇಕೆರೆ ಕಡೆಯ ತೆಂಗಿನ ತೋಟದವರ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಕಾಲ. ಮನೆ, ಜಮೀನು ಇಲ್ಲದ ಬಡವರಿಗೆ ಸರ್ಕಾರ ಜನತಾ ಮನೆ ಕೊಡುತ್ತದಂತೆ ಎಂದು ಊರಲ್ಲೆಲ್ಲ ಅದೇ ಮಾತು. ನಮ್ಮ ತೋಟದ ಆಳಿನ ಹೆಂಡತಿಯಂತೂ ಹಿತ್ತಲಿಗೆ ಬಂದಾಗಲೆಲ್ಲ, "ಹೆಂಚಿನ ಮನೆಯಂತೆ ಕಣ್ರವ್ವಾ. ಮಳೆ ಬಂದ್ರೆ ಮಗೀನ ಎತ್ಕೊಂಡು ಮೂಲೆ ಮೂಲೆಗೆ ಓಡೋದು ತಪ್ತದೆ" ಎನ್ನುತ್ತಿದ್ದಳು. ಅವರ ಗುಡಿಸಲನ್ನು ನಾನು ನೋಡಿದ್ದೆ. ನಮ್ಮ ಅಟ್ಟದ ಮೇಲಿನ ಕೊಬ್ಬರಿಗೆ ಒಂದು ಹನಿ ಬೀಳದ ಹಾಗೆ ಹೆಂಚು ಹೊದಿಸಿದ್ದರು. ಅವರ ಸೂರಿನಲ್ಲಿ ಆಕಾಶ ಕಾಣುತ್ತಿತ್ತು.

ಮನೆ ಹಂಚುವ ಅಧಿಕಾರಿ ಬಂದು ಕೂತದ್ದು ನಮ್ಮ ಜಗಲಿಯ ಮೇಲೆ. ಇನ್ನೆಲ್ಲಿ ಕೂರುತ್ತಾರೆ, ಎಳನೀರು ಕೆತ್ತಿ ಕೊಡುವವರು ಬೇರೆ ಯಾರಿದ್ದಾರೆ! ನಾನೂ ಅತ್ತೆಯೂ ಬಾಗಿಲ ಹಿಂದೆ ನಿಂತಿದ್ದೆವು. ನಮ್ಮ ಆಳಿನ ಸರದಿ ಬಂತು. ಗ್ರಾಮ ಲೆಕ್ಕಿಗ, "ಇವನಿಗೆ ಬರಲ್ಲ ಸಾರ್. ಇವನ ಹೆಸರಲ್ಲಿ ನಾಲ್ಕೆಕರೆ ತೆಂಗಿನ ತೋಟ ಇದೆ" ಎಂದ.

ನನಗೆ ನಗು ಬಂತು. ಉಡಲು ಇನ್ನೊಂದು ಪಂಚೆ ಇಲ್ಲದವನಿಗೆ ತೋಟವಂತೆ! ಅತ್ತೆ ನಗಲಿಲ್ಲ. "ಬಾವಿ ಪಕ್ಕದ್ದು ಕಣೇ" ಎಂದು ಪಿಸುಗುಟ್ಟಿದರು. "ಒಬ್ರಿಗೆ ಇಷ್ಟೇ ಜಮೀನು ಅಂತ ಕಾನೂನು ಬಂತಲ್ಲ, ಹೆಚ್ಚಿಗೆ ಇದ್ದದ್ನ ಸರ್ಕಾರ ಕಿತ್ಕೊಳ್ತಿತ್ತು. ಅದಕ್ಕೇ ನಿಮ್ಮಾವ ಅವನ ಹೆಸರಿಗೆ ಬರೆಸಿದ್ರು."

ಅದೇ ತೋಟದಲ್ಲಿ ಅವನು ಕೂಲಿಗೆ ಪಾತಿ ಮಾಡುತ್ತಿದ್ದ! ಬಡವನಿಗೆ ಜಮೀನು ಕೊಡಿಸಲು ಬಂದ ಕಾನೂನು ಈಗ ಅವನ ಮನೆಯನ್ನೂ ನುಂಗುತ್ತಿತ್ತು.

"ನಿಂದೇನಯ್ಯಾ ತೋಟ?" ಎಂದರು ಅಧಿಕಾರಿ.

ಅಲ್ಲ ಎಂದರೆ ಅವನಿಗೆ ಮನೆ ಸಿಗುತ್ತಿತ್ತು, ಮಾವನ ಕೈಯಿಂದ ತೋಟ ಹೋಗುತ್ತಿತ್ತು. ಅಲ್ಲ ಅನ್ನೋ, ಬಾಯಿ ಬಿಡೋ ಎಂದು ನಾನು ಒಳಗೇ ಕುದಿಯುತ್ತಿದ್ದೆ. ಅವನು ಮಾವನ ಕಡೆ ನೋಡಿದ. ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು.

"ಹೂಂ ಸ್ವಾಮಿ, ನಂದೇಯ" ಎಂದುಬಿಟ್ಟ.

ಅಂಗಳದಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಅವನ ಹೆಂಡತಿ ತೆರೆದ ಬಾಯಿ ಮುಚ್ಚಲಿಲ್ಲ. ಪಾಪ, ಅವಳಿಗೂ ಇದೇ ಮೊದಲು ಗೊತ್ತಾದದ್ದು. ಲೆಕ್ಕಿಗ ಮುಂದಿನವನನ್ನು ಕರೆದ.

ಮಾರನೆಯ ದಿನ ನಾನು ಆ ತೋಟದ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಆಳಿನ ಹೆಂಡತಿ ಬಂದಳು. ಉದುರಿದ್ದ ತೆಂಗಿನ ಗರಿಗಳನ್ನು ಆಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಹೊರಟಳು. ಮಳೆಗಾಲಕ್ಕೆ ಗುಡಿಸಲಿಗೆ ಹೊದಿಸಬೇಕಲ್ಲ. ನಮ್ಮ ತೋಟದಲ್ಲಿ ಒಣಗಿದ ಗರಿಯನ್ನೂ ಯಾರೂ ಕೇಳದೆ ಮುಟ್ಟುವಂತಿರಲಿಲ್ಲ. ಎದುರಿಗೆ ಮಾವ ಬಂದರು.

"ಏಯ್, ಯಾರ್ನ ಕೇಳಿ ಎತ್ಕೊಂಡ್ಯೇ?"

"ನನ್ ಗಂಡನ್ನ ಕೇಳಿ" ಎಂದಳು.

ಅಬ್ಬಾ! ಹಿಂಡುತ್ತಿದ್ದ ಸೀರೆ ನನ್ನ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಗುದ್ದಲಿ ಬಿಸಾಕಿ ಓಡಿ ಬಂದವನು ಅವಳ ಗಂಡನೇ. ಅವಳ ತಲೆಯ ಮೇಲಿನ ಹೊರೆಯನ್ನು ಎಳೆದು ಕೆಡವಿದ. "ತಪ್ಪಾಯ್ತು ಬುದ್ಧೀ, ತಿಳೀದೋಳು, ಬುಟ್ಬುಡಿ" ಎಂದು ಮಾವನ ಕಾಲಿಗೆ ಬಿದ್ದ. ಆಮೇಲೆ ಎದ್ದು ಹೊರೆ ಬಿಚ್ಚಿ, ಗರಿಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ, ಅವು ಉದುರಿದ್ದ ಮರಗಳ ಬುಡಕ್ಕೇ ಹಾಕಿ ಬಂದ.