ಮೂರು ಸಾಲು ಇಟ್ಟಿಗೆ

ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವನಿಗೆ ಮನೆ ಕಟ್ಟುವ ಕೆಲಸ ಏನು ಗೊತ್ತಿರುತ್ತದೆ? ನಿವೃತ್ತನಾದ ಮೇಲೆ ಕೊಳ್ಳೇಗಾಲದ ನಮ್ಮ ಬೀದಿಯ ಐ.ಟಿ.ಐ. ಮೇಷ್ಟ್ರು, "ಭಾನುವಾರ ಬನ್ನಿ, ಆಳು ಸಾಲದು" ಎಂದು ಕರೆದರು. ಹೋದೆ. ಅವರೂ ಇನ್ನೂ ಏಳೆಂಟು ಜನರೂ ಸೇರಿ ಮಾಡುತ್ತಿದ್ದದ್ದು ಇಷ್ಟು: ಪಾಳುಬಿದ್ದ ಹಳೇ ಮನೆಯೊಂದನ್ನು ಕೊಂಡು, ಕೈಯಾರೆ ದುರಸ್ತಿ ಮಾಡಿ, ಸ್ವಂತ ಸೂರು ಕಾಣದ ಒಂದು ಸಂಸಾರಕ್ಕೆ ಬಾಡಿಗೆಯಷ್ಟೇ ಕಂತಿನ ಮೇಲೆ ಬಿಟ್ಟುಕೊಡುವುದು. ಲಾಭದ ಮಾತಿಲ್ಲ. ಆ ಸಂಸಾರವೂ ನಮ್ಮ ಜೊತೆ ಮೈಬಗ್ಗಿಸಬೇಕು, ಅದೊಂದೇ ಷರತ್ತು.

ನಾನು ಸೇರಿದಾಗ ಕೈಗೆ ಬಂದಿದ್ದ ಮನೆ ಯಳಂದೂರಿನದು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು. ಅದು ಸೇರಬೇಕಾಗಿದ್ದದ್ದು ಗಾರೆ ಕೆಲಸದ ಹೆಣ್ಣಾಳೊಬ್ಬಳಿಗೆ. ಗಂಡ ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಮಾರುತ್ತಿದ್ದ. ಮೊದಲ ದಿನವೇ ಆಕೆ ನನ್ನ ಮುಖ ನೋಡಿ, "ನೀವು ಅನೂರು ಬಸ್ಸಿನ ಕಂಡಕ್ಟ್ರಣ್ಣ ಅಲ್ವಾ? ಗಾರೆ ಬಾಂಡ್ಲಿಗೂ ಲಗೇಜು ಆಕ್ತೀನಿ ಅಂದಿದ್ರಿ ನಂಗೆ" ಎಂದಳು. ಹನೂರು ರೂಟಿನಲ್ಲಿದ್ದದ್ದು ನಿಜ, ಆ ಮಾತು ಮಾತ್ರ ನನಗೆ ನೆನಪಿರಲಿಲ್ಲ. ಅಂದಿದ್ದರೂ ಅಂದಿರಬಹುದು.

ಮೇ ತಿಂಗಳು. ಹೆಂಚೆಲ್ಲ ಇಳಿಸಿ, ಹುಳ ತಿಂದ ತೊಲೆಗಳನ್ನು ತೆಗೆದು, ಹೊಸ ಮರ ತಂದು ಅಂಗಳದಲ್ಲಿ ಹಾಕಿದ್ದೆವು. ಗೋಡೆಗಳ ತಲೆ ಮಾತ್ರ ಉದುರಿಹೋಗಿತ್ತು. ಸುತ್ತಲೂ ಮೂರು ಸಾಲು ಇಟ್ಟಿಗೆ ಕಟ್ಟಿ ಮಟ್ಟ ಮಾಡದೆ ತೊಲೆ ಕೂರಿಸುವಂತಿರಲಿಲ್ಲ. ಒಪ್ಪಿಕೊಂಡಿದ್ದ ಮೇಸ್ತ್ರಿ ಆ ಭಾನುವಾರ ಬರಲಿಲ್ಲ. ಫೋನ್ ಮಾಡಿದರೆ ಕೊಳ್ಳೇಗಾಲದಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಇನ್ನೊಂದು ವಾರ ಬಿಡಿ ಎಂದ. ಬಿಳಿಗಿರಿ ಬೆಟ್ಟದ ಕಡೆ ಮೋಡ ಕಟ್ಟಿತ್ತು. ಮಾಡು ಇಲ್ಲದ ಮಣ್ಣುಗೋಡೆ ಎರಡು ಮಳೆ ತಡೆಯುವುದಿಲ್ಲ.

"ಟಾರ್ಪಾಲು ಹೊದಿಸಿ ಕಾಯೋಣ" ಎಂದರು ಮೇಷ್ಟ್ರು.

"ಗಾಳಿಗೆ ಕಿತ್ಕೊಂಡೋಯ್ತದೆ ಸಾ. ನಾನು ಕಟ್ತೀನಿ" ಎಂದಳು ಆಕೆ.

"ಕರಣೆ ಹಿಡಿದು ರೂಢಿ ಇದೆಯೇನಮ್ಮ?"

"ನಮ್ಗೆಲ್ಲಿ ಕೊಟ್ಟಾರು? ಮೇಸ್ತ್ರಿ ಬೀಡಿ ಸೇದಕ್ಕೆ ಓದಾಗೆಲ್ಲ ಒಂದೊಂದು ಸಾಲು ಕಟ್ಟಿವ್ನಿ. ವಾಪಸ್ ಬಂದು ನೋಡಿದ್ರೂ ಅವ್ರಿಗೆ ಗೊತ್ತಾಗಿಲ್ಲ."

ಅಲ್ಲೇ ನಿಂತಿದ್ದ ಗಂಡ, "ಲೇ, ನಾಳೆ ಬಿದ್ರೆ ನಮ್ ಮನೆನೇ ಬೀಳೋದು ಕಣೇ" ಎಂದ.

"ಅದ್ಕೇ ಬೀಳಂಗೆ ಕಟ್ಟಲ್ಲ" ಎಂದು ಸೆರಗು ಸಿಕ್ಕಿಸಿ ಗೋಡೆ ಪಕ್ಕ ಮರ ಕಟ್ಟಿ ನಿಲ್ಲಿಸಿದ್ದ ಸಾರುವೆ ಹತ್ತಿಯೇಬಿಟ್ಟಳು.

ಮೇಷ್ಟ್ರು ತಮ್ಮ ಚೀಲದಿಂದ ಕರಣೆ ತೆಗೆದು ಮೇಲಕ್ಕೆ ಕೊಟ್ಟರು.

ಗಾರೆ ಕಲಸುವುದು ನನ್ನ ಪಾಲಿಗೆ ಬಂತು. ಮೊದಲ ಬಾಂಡ್ಲಿ ಮೇಲೆ ಹೋದ ವೇಗದಲ್ಲೇ ಕೆಳಗೆ ಬಂತು. "ನೀರು ಜಾಸ್ತಿಯಾಯ್ತು ಕಣಣ್ಣ, ಇದು ಪಾಯಸ!" ಎಲ್ಲರೂ ನಕ್ಕರು. ಎರಡನೆಯದು ಪಾಸಾಯಿತು. ಆಕೆ ಎರಡು ಮೂಲೆಗೂ ದಾರ ಕಟ್ಟಿ ಎಂಟು ಹತ್ತು ಇಟ್ಟಿಗೆ ಕೂರಿಸುವಷ್ಟರಲ್ಲಿ ಮೇಷ್ಟ್ರು ರಸಮಟ್ಟ ಇಟ್ಟು ನೋಡಿದರು. ಗುಳ್ಳೆ ಒಂದು ಪಕ್ಕಕ್ಕೆ ಸರಿದು ನಿಂತಿತ್ತು. ಅವರು ಬಾಯಿ ತೆರೆಯುವ ಮೊದಲೇ ಆಕೆ ಮೂರು ಇಟ್ಟಿಗೆ ಕಿತ್ತು, ಗಾರೆ ಕೆರೆದು, ಮತ್ತೆ ಕೂರಿಸಿದಳು. ನನ್ನ ಸರ್ವಿಸಿನಲ್ಲಿ ಎಷ್ಟೋ ಡ್ರೈವರುಗಳನ್ನು ನೋಡಿದ್ದೇನೆ. ಗಾಡಿ ಬಲ್ಲವನು ಸ್ಟೇರಿಂಗ್ ಹಿಡಿಯುವ ರೀತಿಯಲ್ಲೇ ತಿಳಿದುಬಿಡುತ್ತದೆ. ನಾನು ಮೇಲೆ ನೋಡುವುದನ್ನು ಬಿಟ್ಟು ಗಾರೆ ಕಲಸುತ್ತ ಹೋದೆ.

ಹೊತ್ತು ಮುಳುಗುವಾಗ ಮೂರನೆಯ ಸಾಲು ಮುಗಿಯಿತು. ಎರಡು ದಿನ ಅದಕ್ಕೆ ನೀರುಣಿಸಿದಳು. ಮಳೆಗೆ ಹೆದರಿ ಭಾನುವಾರಕ್ಕೆ ಕಾಯದೆ ಎಲ್ಲರೂ ಬಂದು ಮೂರನೆಯ ದಿನ ತೊಲೆ ಕೂರಿಸಿದೆವು, ಮಾರನೆಯ ದಿನ ಹೆಂಚು. ಶುಕ್ರವಾರ ಜಡಿಮಳೆ ಬಂತು. ನಾವೆಲ್ಲ ಒಳಗೇ ನಿಂತು ನೋಡಿದೆವು. ಒಂದು ಕಡೆ ಹೆಂಚು ಸರಿದು ಸೋರಿತೇ ಹೊರತು ಗೋಡೆಗೆ ಏನೂ ಆಗಲಿಲ್ಲ.

ಮುಂದಿನ ವಾರ ಬಂದ ಮೇಸ್ತ್ರಿ ಗೋಡೆಯ ತಲೆಯನ್ನು ಸುತ್ತಲೂ ನೋಡಿ, "ಯಾರ್ನ ಕರ್ಸಿದ್ರಿ ಸಾ? ಒಳ್ಳೇ ಕೈ ಅದೆ" ಎಂದ. ಮೇಷ್ಟ್ರು ಆಕೆಯ ಕಡೆ ಕೈ ತೋರಿಸಿದರು. ಅವನು ಸಾರುವೆ ಹತ್ತಿ, ಮೂಲೆಯಲ್ಲಿ ಇಟ್ಟಿಗೆಯನ್ನು ಹೇಗೆ ಕಚ್ಚಿಸಬೇಕೆಂದು ಆಕೆಗೆ ತೋರಿಸಿಕೊಟ್ಟ. ನಮಗೆ ಅವನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಮನೆ ಮುಗಿದ ಮೇಲೆ ಕರಾರು ಪತ್ರ ಮಾಡಿಸಲು ಹೋದೆವು. ಪತ್ರ ಬರೆಯುವವರು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಹಾಳೆ ಕೊಟ್ಟರು. ಆಕೆಗೆ ಓದು ಅಷ್ಟಕ್ಕಷ್ಟೆ. ನಾನೇ ಗಟ್ಟಿಯಾಗಿ ಓದಿದೆ. ಹೆಸರು, ವಯಸ್ಸು, ಉದ್ಯೋಗ ಗೃಹಿಣಿ.

"ಅಂಗಂದ್ರೆ?"

"ಮನೆ ನೋಡಿಕೊಳ್ಳೋಳು ಅಂತ."

"ಮನೆ ಕಟ್ಟೋಳು ಅಂತ ಬರ್ಕಳಿ ಸಾ."

"ಹೆಂಗಸರಿಗೆಲ್ಲ ಹಾಗೇ ಹಾಕೋದಮ್ಮ" ಎಂದು ಅವರು ನಕ್ಕರು. ಆಕೆ ನಗಲಿಲ್ಲ, ಕೂರಲೂ ಇಲ್ಲ. ಅವರು ಹಾಳೆ ಹರಿದು, 'ಗಾರೆ ಕೆಲಸ' ಎಂದು ತಿದ್ದಿ, ಹೊಸದು ತೆಗೆದುಕೊಟ್ಟರು. ಆಕೆ ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ರುಜು ಹಾಕಿದಳು.

ಈಗ ಶಾಗ್ಯದಲ್ಲಿ ಇನ್ನೊಂದು ಮನೆ ಹಿಡಿದಿದ್ದೇವೆ. ಅಲ್ಲಿ ಮೇಸ್ತ್ರಿ ಆಕೆಯೇ, ಆಕೆಗೆ ಕೊಡುವುದೂ ಮೇಸ್ತ್ರಿಯ ಕೂಲಿಯೇ. ಹೋದ ಭಾನುವಾರ ಪಾಯದ ಒಂದು ಮೂಲೆ ಸಡಿಲವಾಗಿದೆ, ಬಿಚ್ಚಬೇಕು ಎಂದು ಮೇಷ್ಟ್ರ ಜೊತೆ ಅರ್ಧ ಗಂಟೆ ವಾದ ಹಾಕಿದಳು. ಕೊನೆಗೆ ಅವರೇ ಹೋಗಿ ಹಾರೆ ತಂದರು.