ಅಕ್ಕ ಕೊಟ್ಟ ಕಿಡ್ನಿ

ಕಳೆದ ತಿಂಗಳು ಹಾವೇರಿಯಲ್ಲಿ ಮೊಮ್ಮಗಳಿಗೆ ಮೈಮೇಲೆ ಅಮ್ಮ ಎದ್ದಿತ್ತು. ಗುಳ್ಳೆಗಳೆಲ್ಲ ಒಣಗಿದ ಮೇಲೆ ಸೊಸೆ ಬಚ್ಚಲ ಹಂಡೆಗೆ ಬೇವಿನ ತಪ್ಪಲು ಹಾಕಿ ನೀರು ಕಾಯಿಸಿದಳು. ಆ ಕಹಿ ವಾಸನೆ ಹಬೆಯ ಜೊತೆ ಪಡಸಾಲೆಗೆ ಬಂದದ್ದೇ ತಡ, ನನಗೆ ಯಜಮಾನರ ಅಕ್ಕ ನೆನಪಾದರು. ಅವರು ಹೋಗಿ ಎಷ್ಟೋ ವರ್ಷಗಳಾದವು... ಈಗಲೂ ಅವರು ನೆನಪಾದರೆ ಮೊದಲು ಏಳುವುದು ಹೊಟ್ಟೆಕಿಚ್ಚು. ದುಃಖ ಆಮೇಲೆ ಬರುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಬ್ಯಾಡಗಿಯಲ್ಲಿತ್ತು. ಯಜಮಾನರು ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಮೊದಲು ಅವರ ಕಾಲು ಬಾತವು, ಆಮೇಲೆ ಮುಖ. ಎರಡೂ ಕಿಡ್ನಿ ಕೆಟ್ಟಿವೆ, ಮನೆಯವರು ಯಾರಾದರೂ ಒಂದು ಕೊಟ್ಟರೆ ಬದುಕುತ್ತಾರೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ನಾನು ಕೊಡುತ್ತೇನೆ ಎಂದೆ. ಒಂದು ಕ್ಷಣ ಯೋಚಿಸಲೂ ಇಲ್ಲ. ಆದರೆ ನನ್ನ ರಕ್ತದ ಗುಂಪು ಅವರದಕ್ಕೆ ಕೂಡಲಿಲ್ಲ.

ಆಗ ರಾಣೆಬೆನ್ನೂರಿನಿಂದ ಅಕ್ಕ ಬಂದರು. ತಾಯಿ ತೀರಿಕೊಂಡ ಮೇಲೆ ಇವರನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವರು ಅವರೇ. ಬೀಜದ ಕಂಪನಿಯವರ ಹತ್ತಿ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣಾಳುಗಳ ಮೇಲುಸ್ತುವಾರಿ ಅವರ ಕೆಲಸ. ಗಂಡ ಬಸ್ ಡ್ರೈವರ್. ಆತ ಬೇಡ ಅನ್ನುವುದರೊಳಗೆ ಅಕ್ಕ ಬೆಂಗಳೂರಿನ ರೈಲು ಹತ್ತಿಯಾಗಿತ್ತು.

ತಪಾಸಣೆ ಮುಗಿಸಿದ ಬೆಂಗಳೂರಿನ ಡಾಕ್ಟರು ನಗುನಗುತ್ತಾ ಹೊರಗೆ ಬಂದರು. ಒಡಹುಟ್ಟಿದವರಲ್ಲೂ ಎಲ್ಲರಿಗೂ ಹೀಗೆ ಹೊಂದುವುದಿಲ್ಲ, ತಮ್ಮನ ದೇಹ ಅಕ್ಕನ ಕಿಡ್ನಿಯನ್ನು ಹೊರಗಿನದೆಂದು ಗುರುತು ಹಿಡಿಯುವುದು ಕಷ್ಟ ಎಂದರು. ನಾನು ಕೈಮುಗಿದೆ. ಗಂಡ ಬದುಕುತ್ತಾನೆಂಬ ಸಂತೋಷ ಖರೇನೇ ಇತ್ತು. ಅದರ ಬೆನ್ನಿಗೇ ಇನ್ನೊಂದು ಸಂಕಟ. ಇಷ್ಟು ವರ್ಷ ಸಂಸಾರ ಮಾಡಿದ ನಾನು ಆ ಮೈಗೆ ಹೊರಗಿನವಳು. ಅಕ್ಕ ಒಳಗಿನವರು.

ಆಪರೇಷನ್ ಆದ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ಘಾಟು ಬೇಡವೆಂದು ಅಕ್ಕ ಇವರನ್ನು ರಾಣೆಬೆನ್ನೂರಿನ ತಮ್ಮ ಮನೆಗೇ ಕರೆದೊಯ್ದರು. ಮಗನನ್ನು ತವರಿನಲ್ಲಿ ಬಿಟ್ಟು ನಾನೂ ಹೋದೆ. ನೀರು ಕುದಿಸಿ ಆರಿಸುವುದು, ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು, ಗುಳಿಗೆ ಕೊಡುವುದು ಎಲ್ಲ ಅಕ್ಕನದೇ. ನನ್ನ ಪಾಲಿಗೆ ಬಟ್ಟೆ ಒಗೆಯುವುದು ಉಳಿದಿತ್ತು. ಹೊಲದಿಂದ ಬಂದವರೇ ಪರಾಗದ ಹಳದಿ ಹತ್ತಿದ ಕೈ ಸೋಪು ಹಚ್ಚಿ ತೊಳೆದು, ತಮ್ಮನ ಹೊಟ್ಟೆಯ ಕೆಳಗೆ ಬಲಕ್ಕೆ, ಕಿಡ್ನಿ ಕೂರಿಸಿದ ಜಾಗದ ಮೇಲೆ ಅಂಗೈ ಇಟ್ಟು, “ಹ್ಯಾಂಗ ಐತೋ ನಂದು?” ಅನ್ನುತ್ತಿದ್ದರು. ಇವರು ಸಣ್ಣ ಹುಡುಗನ ಹಾಗೆ ನಗುತ್ತಿದ್ದರು. ನನ್ನ ಜೊತೆ ಅವರು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ನಾನು ಹಿತ್ತಲಿಗೆ ಹೋಗಿ, ಒಗೆದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾ ನಿಲ್ಲುತ್ತಿದ್ದೆ...

ಬ್ಯಾಡಗಿಗೆ ಮರಳಿದ ಮೇಲೂ ಅಕ್ಕ ವಾರ ವಾರ ಬರುತ್ತಿದ್ದರು. ಹಾಗೆ ಎರಡು ವರ್ಷ ಚೆನ್ನಾಗಿ ನಡೆಯಿತು. ಮುಂದಿನ ಬೇಸಿಗೆಯಲ್ಲಿ ನಮ್ಮ ಓಣಿಯ ಮಕ್ಕಳಿಗೆ ಅಮ್ಮ ಎದ್ದಿತು. ಬಾಗಿಲು ಹಾಕಿಕೊಂಡು ಕೂತರೂ ಇವರಿಗೆ ತಗುಲಿತು. ನೋಡನೋಡುತ್ತಿದ್ದಂತೆ ಗುಳ್ಳೆಗಳು ಬಾಯೊಳಗೆ, ಕಣ್ಣಿನ ರೆಪ್ಪೆಗೆ ಬಂದವು. ಉಸಿರಾಟ ಕಷ್ಟವಾಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ಸುದ್ದಿ ತಿಳಿದು ಅಕ್ಕ ಓಡಿ ಬಂದರು.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. “ನೋಡ್ರಿ, ಕಿಡ್ನಿ ಉಳೀಲಿ ಅಂತ ಮೈಯಾಗಿನ ಕಾವಲುಗಾರರನ್ನ ಗುಳಿಗಿ ಕೊಟ್ಟು ಮಲಗಿಸೇವಿ. ಈಗ ಈ ಬ್ಯಾನಿ ಓಡಸಬೇಕಂದ್ರ ಅವರು ಏಳಬೇಕು. ಎದ್ದ ಮ್ಯಾಲೆ ಕಿಡ್ನಿ ಮ್ಯಾಲೂ ಬೀಳಬಹುದು.” ಮಲಗಿಸುವ ಮುಖ್ಯ ಗುಳಿಗೆಯನ್ನು ನಿಲ್ಲಿಸಲೇ ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ, ಅಕ್ಕನನ್ನು.

ಅಕ್ಕ ಮೊದಲು ನನ್ನ ಕಡೆ ನೋಡಿದರು. ಆಮೇಲೆ, “ನನ್ನ ಯಾಕ ಕೇಳ್ತೀರಿ? ಕೊಟ್ಟ ಮ್ಯಾಲೆ ಅದು ನಂದಲ್ಲರಿ. ಅಂವ ಅಕೀ ಗಂಡ. ಅಕೀನ್ನ ಕೇಳ್ರಿ,” ಅಂದರು.

ನಿಲ್ಲಿಸಿರಿ ಅಂದೆ.

ರೋಗಿಯ ಹತ್ತಿರ ಯಾರು ಇರಬೇಕೆಂಬ ಪ್ರಶ್ನೆ ಬಂತು. ಸಣ್ಣಂದಿನಲ್ಲಿ ಅಮ್ಮ ಆಗಿ ಹೋದವರು ಮಾತ್ರ ಇರಬಹುದು, ಅವರಿಗೆ ಮತ್ತೆ ಬರುವುದು ತೀರಾ ಅಪರೂಪ ಎಂದರು. ನನಗೆ ಆಗಿತ್ತು. ಹುಬ್ಬಿನ ಮೇಲೆ ಗುಳಿ ಬಿದ್ದ ಕಲೆ ಇನ್ನೂ ಇದೆ. ಅಕ್ಕನಿಗೆ ಆಗಿರಲೇ ಇಲ್ಲ. ಒಂದೇ ಕಿಡ್ನಿ ಇರುವ ಮೈ, ನೀವು ಒಳಗೆ ಕಾಲಿಡಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು.

ಅಲ್ಲಿಂದ ಮುಂದೆ ನಾನು ಒಳಗೆ, ಅಕ್ಕ ಹೊರಗೆ. ನಾನು ಒದ್ದೆ ಅರಿವೆಯಿಂದ ಅವರ ಮೈ ಒರೆಸುತ್ತಿದ್ದೆ, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಅಕ್ಕ ಬಾಗಿಲಿನ ಗಾಜಿಗೆ ಹಣೆ ಹಚ್ಚಿ ನಿಂತಿರುತ್ತಿದ್ದರು. ಒಂದು ಮಧ್ಯಾಹ್ನ ಗಂಜಿಯ ಬಟ್ಟಲು ತೊಳೆಯಲು ಹೊರಬಂದಾಗ, ದೂರ ನಿಂತೇ, ನನ್ನ ಹುಬ್ಬನ್ನು ನೋಡುತ್ತಾ ಅಂದರು.

“ನಿನ್ನ ಕಂಡ್ರ ಹೊಟ್ಟಿಕಿಚ್ಚ ಆಗತೈತಿ ತಂಗಿ. ಅಂಥದೊಂದ ಕಲೆ ನನಗೂ ಇದ್ದಿದ್ರ...”

ಅದು ನನ್ನ ಮಾತು. ಅಷ್ಟು ವರ್ಷ ನಾನು ಬಾಯಲ್ಲೇ ನುಂಗಿಕೊಂಡಿದ್ದ ಮಾತನ್ನು ಅವರು ಎಷ್ಟು ಸಲೀಸಾಗಿ ಆಡಿಬಿಟ್ಟಿದ್ದರು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಗುಳ್ಳೆಗಳು ಒಣಗತೊಡಗಿದವು, ಜ್ವರ ಇಳಿಯಿತು. ಆದರೆ ಮೂತ್ರ ಕಡಿಮೆಯಾಯಿತು. ಕಿಡ್ನಿ ಕೂರಿಸಿದ ಜಾಗ ಬಾತು, ಮುಟ್ಟಿದರೆ ನರಳುತ್ತಿದ್ದರು. ಮೈ ಎಚ್ಚರಗೊಂಡು ಅಕ್ಕನದನ್ನೂ ಹೊರಗಿನದೆಂದು ಗುರುತು ಹಿಡಿದಿತ್ತು. ನನ್ನ ಹಾಗೆ ಅಕ್ಕನೂ ಈಗ ಆ ಮೈಗೆ ಹೊರಗಿನವರಾಗಿದ್ದರು. ಇಷ್ಟು ದಿನ ನನ್ನ ಮನಸ್ಸು ಬಯಸಿದ್ದು ಇದನ್ನೇ ಇರಬೇಕು. ಆದರೂ ಅದು ನಿಜವಾದಾಗ ಬೇಡವಾಯಿತು. ಅಕ್ಕನಿಗೆ ಹೇಗೆ ಹೇಳುವುದೆಂದು ಬಾಗಿಲ ಬಳಿ ನಿಂತೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಗಾಜಿಗೆ ಹಚ್ಚಿದ್ದ ಹಣೆಯನ್ನು ಹಿಂದಕ್ಕೆ ತೆಗೆದರು.

ಡಾಕ್ಟರು ಜೋರು ಔಷಧಿಯ ಸಲಾಯಿನ್ ಹಚ್ಚಿ, ಎಬ್ಬಿಸಿದ ಕಾವಲನ್ನು ಮತ್ತೆ ಮಲಗಿಸಿದರು. ಬಾವು ಇಳಿಯಿತು. ಕಿಡ್ನಿ ಪೂರ್ತಿ ಅಲ್ಲದಿದ್ದರೂ ಬಹುಪಾಲು ಉಳಿಯಿತು. ಮನೆಗೆ ಬಂದ ಮೇಲೆ ಅಕ್ಕ ತಮ್ಮನ ಹೊಟ್ಟೆ ಮುಟ್ಟಿ ನೋಡಲಿಲ್ಲ. ಹ್ಯಾಂಗ ಅದಾನ ಎಂದು ನನ್ನನ್ನೇ ಕೇಳುತ್ತಿದ್ದರು. ಒಮ್ಮೆ ನಾನಾಗಿಯೇ, “ಮುಟ್ಟಿ ನೋಡ್ರಿ ಅಕ್ಕಾರ,” ಅಂದೆ. ಬೇಡ ಎಂದು ತಲೆಯಾಡಿಸಿದರು.

ಕೆಲವು ವರ್ಷಗಳ ನಂತರ, ಹತ್ತಿ ಹೂ ಬಿಡುವ ಕಾಲದಲ್ಲಿ, ಅಕ್ಕ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಕೊಟ್ಟವರು ಹೋದರು, ಅವರು ಕೊಟ್ಟದ್ದು ಇವರೊಳಗೆ ಕೆಲಸ ಮಾಡುತ್ತಲೇ ಇತ್ತು. ಇವರು ಅತ್ತ ಹಾಗೆ ಗಂಡಸರು ಅಳುವುದನ್ನು ನಾನು ನೋಡಿಲ್ಲ. ನಾನು ಸತ್ತರೆ ಹೀಗೆ ಅಳುತ್ತಾರೆಯೇ ಎಂಬ ಪ್ರಶ್ನೆ ಆ ಹೊತ್ತಿನಲ್ಲೂ ನನ್ನೊಳಗೆ ಎದ್ದಿತು. ಉತ್ತರ ಸಿಗಲಿಲ್ಲ. ಅವರೇ ನನಗಿಂತ ಮೊದಲು ಹೋದರು.

ಮೊನ್ನೆ ಮೊಮ್ಮಗಳು ನನ್ನ ತೊಡೆಯ ಮೇಲೆ ಮಲಗಿ, “ಅಜ್ಜ ಸಣ್ಣಾವಿದ್ದಾಗ ಹ್ಯಾಂಗಿದ್ದ?” ಎಂದು ಕೇಳಿದಳು. ನನಗೆ ಗೊತ್ತಿಲ್ಲ. ಅದು ಗೊತ್ತಿದ್ದವರು ಅಕ್ಕ ಒಬ್ಬರೇ. ಅವರು ಆ ಕಥೆಗಳನ್ನು ಶುರು ಮಾಡಿದಾಗಲೆಲ್ಲ ನನಗೆ ಒಳಗೇನೋ ಕೆಲಸ ನೆನಪಾಗುತ್ತಿತ್ತು... ಕೂಸು ಕಾಯುತ್ತಲೇ ಇತ್ತು. ಅಜ್ಜನನ್ನು ಅವನ ಅಕ್ಕ ಕಂಕುಳಲ್ಲಿ ಹೊತ್ತು ಬೆಳೆಸಿದಳು ಎಂದೆ. ನನಗೆ ಗೊತ್ತಿದ್ದ ಕಥೆ ಅಷ್ಟೇ.