ಚರಂಡಿಗೆ ಬಂದ ಬಣ್ಣ

ನಮ್ಮ ಎದುರು ಮನೆಯ ವರ್ನಾಗೆ ತಂಗಿ ಗ್ಲೆನಿಸ್‌ಳನ್ನು ಕಂಡರೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅಪ್ಪ ಜಮೀನು ಪಾಲು ಮಾಡಿದಾಗ ದಿಬ್ಬದ ಮೇಲಿನ ಮರಳು ನೆಲ ತಂಗಿಗೆ ಹೋಯಿತು, ಕೆಳಗಿನ ಜೇಡಿ ನೆಲ ಇವಳ ಪಾಲಿಗೆ ಬಂತು. ಮರಳು ನೀರು ಕುಡಿಯುತ್ತದೆ, ಜೇಡಿ ಉಗುಳುತ್ತದೆ.

ಕಳೆದ ಬೇಸಿಗೆಯಲ್ಲಿ ಗ್ಲೆನಿಸ್ ತನ್ನ ಜಾಗದಲ್ಲಿ ಅರ್ಧ ಎಕರೆ ಬಿಡಿಸಿ ಮಗಳಿಗೆ ಮನೆ ಕಟ್ಟಿಸಲು ಹೊರಟಳು. ಅಮೆರಿಕದ ಮೇಯ್ನ್ ಸೀಮೆಯ ನಮ್ಮ ಊರಲ್ಲಿ ಮನೆಯೊಂದಕ್ಕೆ ಎರಡು ಎಕರೆ ಇರಲೇಬೇಕು. ವಿನಾಯಿತಿ ಬೇಕಾದರೆ ಊರ ಸಭೆ ಒಪ್ಪಬೇಕು. ಸಭೆಯಲ್ಲಿ ವರ್ನಾ ಎದ್ದು ನಿಂತಳು.

"ಇವಳ ಸೆಪ್ಟಿಕ್ ಟ್ಯಾಂಕ್ ಸೋರಿ ಈಗಲೇ ಚರಂಡಿ ನಾರ್ತಾ ಇದೆ. ಇನ್ನೊಂದು ಮನೆ ಬಂದ್ರೆ ನಾವು ಮೂಗು ಕೊಯ್ಕೋಬೇಕಾ?"

ಮರುದಿನ ಊರಿನ ಹೆಲ್ತ್ ಇನ್‌ಸ್ಪೆಕ್ಟರ್ ಬಂದು ಗ್ಲೆನಿಸ್‌ಳ ಕಕ್ಕಸಿಗೆ ಹಸಿರು ಬಣ್ಣ, ನ್ಯಾಯಕ್ಕೆಂದು ವರ್ನಾಳ ಕಕ್ಕಸಿಗೆ ಕೆಂಪು ಬಣ್ಣ ಸುರಿದು ಹೋದ. ಯಾರದು ಸೋರುತ್ತದೋ ಅವರ ಬಣ್ಣ ಚರಂಡಿಯಲ್ಲಿ ಕಾಣಬೇಕು. ಹಸಿರು ನೋಡಲು ವರ್ನಾ ಬೀದಿಯವರನ್ನೆಲ್ಲ ಕರೆದಳು. ಚರಂಡಿ ಬೀಟ್‌ರೂಟ್ ಬೇಯಿಸಿದ ನೀರಿನಂತೆ ಕೆಂಪಗಿತ್ತು. ನನಗಂತೂ ಪಾಪ ಅನ್ನಿಸಲಿಲ್ಲ.

ತಂಗಿಗೆ ಸಭೆಯ ಒಪ್ಪಿಗೆ ಸಿಕ್ಕಿತು, ಅಕ್ಕನ ಕಕ್ಕಸಿಗೆ ಬೀಗ ಬಿತ್ತು.

ಗ್ಲೆನಿಸ್ ನಗಲಿಲ್ಲ. "ರಿಪೇರಿ ಆಗೋವರೆಗೂ ನಮ್ಮನೆಗೇ ಬಾ ಅಕ್ಕಾ" ಅಂದಳು.

ಬೇರೆ ದಾರಿಯಿಲ್ಲದೆ ವರ್ನಾ ಟವೆಲು ಹೆಗಲಿಗೆ ಹಾಕಿಕೊಂಡು ದಿಬ್ಬ ಹತ್ತಿದಳು. ಇಳಿದು ಬಂದಾಗ ಅವಳ ಮುಖ ಕೆಂಪೇರಿತ್ತು. ನಾಚಿಕೆಯಾಗಿರಬೇಕು ಅಂದುಕೊಂಡು, "ಏನಾಯ್ತೇ?" ಅಂತ ಕೇಳಿದೆ.

"ಏನಾಗೋದು! ಅವಳ ಕಕ್ಕಸಿನ ಕಿಟಕೀಲಿ ಕೆರೆ ಕಾಣುತ್ತೆ ಕಣೇ!"